ಮಳೆ ಲೆಕ್ಕ ಬಚ್ಚಿಟ್ಟರೆ ವಿಮೆ ಲೆಕ್ಕ ಯಾರಿಗೆ ಗೊತ್ತಾಗುತ್ತೆ?

ಇವತ್ತು ಪುಣೆ ಕ್ಯಾಂಪಿನಿಂದ ಮಾತಾಡ್ತಿದ್ದೀನಿ. ಇಲ್ಲಿ ಅಂಗಡಿ ಇಟ್ಟಿರೋ ನಮ್ಮ ಕಡೆಯವರೊಬ್ಬರಿಗೆ ಈ ಸಲ ವಿಮೆಯ ಪ್ರೀಮಿಯಂ ಏರಿದೆ. ಕಾರಣ ಕೇಳಿದರೆ, ‘ಹವಾಮಾನ ಮೊದಲಿನ ಹಾಗಿಲ್ಲ’ ಅಂದರಂತೆ. ಸರಿ, ಅದಕ್ಕಂತ ಎಷ್ಟು ರೂಪಾಯಿ ಸೇರಿಸಿದಿರಿ? ಉತ್ತರ ಇಲ್ಲ.

ಹಿಂದೆ ಬೆಂಕಿ ವಿಮೆಯ ದರಕ್ಕೆ ದೇಶಕ್ಕೆಲ್ಲ ಒಂದೇ ಅಚ್ಚಾದ ಪುಸ್ತಕ ಇತ್ತು. ಅದನ್ನು ನಿಗದಿ ಮಾಡ್ತಿದ್ದದ್ದು ಟ್ಯಾರಿಫ್ ಅಡ್ವೈಸರಿ ಕಮಿಟಿ. 2007ರ ಜನವರಿ 1ರಿಂದ ಆ ಕಟ್ಟುಪಾಡು ಹೋಯಿತು. ದರ ಕಂಪನಿಗಳ ಕೈಗೆ ಬಂತು. ಅಪಾಯಕ್ಕೆ ತಕ್ಕ ದರ ಇರಲಿ ಅನ್ನೋದು ಉದ್ದೇಶ. ಆದರೆ ಅಪಾಯವನ್ನು ಅಳೆದದ್ದು ಹೇಗೆ ಅಂತ ಗಿರಾಕಿಗೆ ಕಾಣಿಸಲಿಲ್ಲ.

ಈಗ ಮೈಸೂರಿಗೆ ಬನ್ನಿ. 1915ರಲ್ಲೇ ಜೆ. ಎಸ್. ಚಕ್ರವರ್ತಿ ಅನ್ನೋರು ರೈತರಿಗೆ ಮಳೆ ವಿಮೆಯ ಯೋಜನೆ ಮುಂದಿಟ್ಟರು. 1920ರಲ್ಲಿ ಅದನ್ನೇ ಇಂಗ್ಲಿಷ್ ಪುಸ್ತಕವಾಗಿ ತಂದರು. ಅವರ ಯೋಚನೆ ಸರಳ. ಒಬ್ಬೊಬ್ಬರ ಹೊಲದ ನಷ್ಟ ಅಳೆಯೋದು ಬೇಡ. ಒಂದು ಸೀಮೆಯ ಮಳೆ ಗೊತ್ತುಮಾಡಿದ ಮಟ್ಟಕ್ಕಿಂತ ಕಡಿಮೆಯಾದರೆ ಆ ಸೀಮೆಯ ವಿಮೆದಾರರಿಗೆಲ್ಲ ಪರಿಹಾರ. ಪ್ರೀಮಿಯಂ ಹುಟ್ಟೋದೂ ಅದೇ ಮಳೆಯ ದಾಖಲೆಯಿಂದ. ಉದಾಹರಣೆಗೆ, 40 ವರ್ಷದಲ್ಲಿ 4 ಸಲ ಮಳೆ ಕೈಕೊಟ್ಟಿದ್ದರೆ, 100 ರೂಪಾಯಿ ಪರಿಹಾರಕ್ಕೆ ವರ್ಷಕ್ಕೆ 10 ರೂಪಾಯಿ, ಮೇಲೊಂದಿಷ್ಟು ಖರ್ಚು. ಕೂಡಿ ಕಳೆಯೋಕೆ ಬರುವ ಯಾರು ಬೇಕಾದರೂ ಪರೀಕ್ಷಿಸಬಹುದು.

ಆಗ ಅದು ಜಾರಿಗೆ ಬರಲಿಲ್ಲ. ಹವಾಮಾನ ಆಧಾರಿತ ಬೆಳೆ ವಿಮೆ ಕರ್ನಾಟಕದಲ್ಲಿ ಪ್ರಯೋಗಕ್ಕೆ ಬಂದದ್ದು 2007ರ ಮುಂಗಾರಿನಲ್ಲಿ. ಹೌದು, ದರದ ಪುಸ್ತಕ ಮುಚ್ಚಿದ ವರ್ಷವೇ! ಇವತ್ತು ಮಲೆನಾಡಿನ ಅಡಿಕೆ, ಕಾಳುಮೆಣಸಿಗೆ ಈ ವಿಮೆ ಇದೆ. ರೈತ ಕಟ್ಟೋದು ವಿಮಾ ಮೊತ್ತದ 5%. ಕಂಪನಿಯ ದರ ಅದಕ್ಕಿಂತ ಹೆಚ್ಚಿದ್ದರೆ ಉಳಿದದ್ದನ್ನು ಕೇಂದ್ರ, ರಾಜ್ಯ ಸರ್ಕಾರಗಳು ತುಂಬುತ್ತವೆ. ಅಂದರೆ ಅದೂ ನಮ್ಮ ತೆರಿಗೆಯ ದುಡ್ಡೇ. ಎಷ್ಟು ಮಳೆಯಾದರೆ ಎಷ್ಟು ಪರಿಹಾರ ಅನ್ನೋದು ಪ್ರಕಟವಾಗುತ್ತೆ. ಆ ದರ ಯಾಕೆ ಅಷ್ಟು ಅನ್ನೋದು ಮಾತ್ರ ರೈತನ ಕೈಗೆ ಸಿಗೋದಿಲ್ಲ.

ಕಂಪನಿಗಳ ಕಡೆಯೂ ಒಂದು ನ್ಯಾಯ ಇದೆ. ಚಕ್ರವರ್ತಿಯವರ ಲೆಕ್ಕ ನಿಂತಿದ್ದು, ನಾಳೆಯ ಮಳೆ ನಿನ್ನೆಯ ಹಾಗೇ ಇರುತ್ತೆ ಅನ್ನೋ ನಂಬಿಕೆ ಮೇಲೆ. ಅದು ಈಗ ಅಲ್ಲಾಡಿದೆ. ಹಾಗಾಗಿ ಹಳೆಯ ಸರಾಸರಿ ಮೇಲೆ ಅಂದಾಜಿನ ಒಂದು ಪಾಲು ಸೇರುತ್ತೆ. ಸೇರಲಿ. ಆದರೆ ಬಚ್ಚಿಟ್ಟುಕೊಳ್ಳೋಕೆ ಜಾಗ ಸಿಗೋದೂ ಅಲ್ಲೇ.

ಈ ಕ್ಯಾಂಪಿನಿಂದ ಸ್ವಲ್ಪ ದೂರದಲ್ಲೇ, ಶಿವಾಜಿನಗರದಲ್ಲಿ, ಹವಾಮಾನ ಇಲಾಖೆಯ ಹಳೆಯ ಕಚೇರಿ ಇದೆ. 1928ರಲ್ಲಿ ಇಲಾಖೆಯ ಕೇಂದ್ರ ಕಚೇರಿ ಶಿಮ್ಲಾದಿಂದ ಪುಣೆಗೆ ಬಂದಿತ್ತು. ದೇಶದ ಮಳೆ ದಾಖಲೆಗಳ ಭಂಡಾರ ಇವತ್ತಿಗೂ ಪುಣೆಯಲ್ಲೇ ಇದೆ. ಅಂದರೆ ಮಳೆ ಲೆಕ್ಕ ಸಾರ್ವಜನಿಕರ ದುಡ್ಡಲ್ಲಿ ಬರೆದಿಟ್ಟದ್ದು. ಆ ಲೆಕ್ಕದಿಂದ ಹುಟ್ಟಿದ ದರ ಮಾತ್ರ ಗುಟ್ಟು ಯಾಕೆ?

ಮುಂದಿನ ಸಲ ವಿಮೆ ಮಾಡಿಸುವಾಗ ಮೂರೇ ಪ್ರಶ್ನೆ ಕೇಳಿ: ಯಾವ ಮಳೆಮಾಪಕ, ಎಷ್ಟು ವರ್ಷದ ದಾಖಲೆ, ಅಂದಾಜಿಗೆ ಸೇರಿಸಿದ್ದೆಷ್ಟು?