ಎಡಕ್ಕೆ ಬಲವೇ ಸಾಕ್ಷಿ

ಎಡಗಡೆಯ ಪೆಟ್ಟಿಗೆಯಲ್ಲಿ ಸದ್ದಿಲ್ಲ, ಬಲಗಡೆಯದರಲ್ಲಿ ಹಾಡು ನಡೆದೇ ಇದೆ. ಸ್ಟೀರಿಯೊ ರಿಪೇರಿಯ ಅತ್ಯಂತ ಹಳೆಯ ದೂರುಗಳಲ್ಲಿ ಇದೊಂದು. ಮುಂಬೈನ ಲ್ಯಾಮಿಂಗ್ಟನ್ ರಸ್ತೆಯಾಗಲಿ, ಚೆನ್ನೈನ ರಿಚ್ಚಿ ಸ್ಟ್ರೀಟಾಗಲಿ, ಬೆಂಗಳೂರಿನ ಎಸ್.ಪಿ. ರಸ್ತೆಯಾಗಲಿ, ಪಳಗಿದ ಮೆಕ್ಯಾನಿಕ್ ಇಂಥ ಸೆಟ್ಟು ಕಂಡ ಕೂಡಲೇ ಅದರ ಮುಚ್ಚಳ ಬಿಚ್ಚುವುದಿಲ್ಲ. ಪವರ್ ಆಫ್ ಮಾಡಿ, ಆಂಪ್ಲಿಫೈಯರ್ ಹಿಂದಿರುವ ಸ್ಪೀಕರ್ ವೈರುಗಳನ್ನು ಎಡದ್ದು ಬಲಕ್ಕೆ, ಬಲದ್ದು ಎಡಕ್ಕೆ ಚುಚ್ಚಿ ಮತ್ತೆ ಹಾಡು ಹಚ್ಚುತ್ತಾರೆ. ಈಗ ಬಲಗಡೆಯ ಪೆಟ್ಟಿಗೆ ಮೂಕವಾದರೆ ದೋಷ ಇರುವುದು ಆಂಪ್ಲಿಫೈಯರಿನಲ್ಲಿ, ಅಥವಾ ಅದಕ್ಕೂ ಹಿಂದೆ. ಎಡಗಡೆಯದೇ ಮೂಕವಾಗಿ ಉಳಿದರೆ ಸ್ಪೀಕರಿನಲ್ಲಿ, ಇಲ್ಲವೇ ಅದರ ವೈರಿನಲ್ಲಿ. ಮೀಟರ್ ಬೇಡ, ಸರ್ಕ್ಯೂಟ್ ನಕ್ಷೆಯೂ ಬೇಡ. ಸರಿಯಿರುವ ಅರ್ಧವೇ ಕೆಟ್ಟ ಅರ್ಧದ ಬಗ್ಗೆ ಸಾಕ್ಷಿ ನುಡಿಯುತ್ತದೆ.

ಒಂದೇ ಸ್ಪೀಕರಿನ ವಾಲ್ವ್ ರೇಡಿಯೊಗೆ ಈ ಭಾಗ್ಯ ಇರಲಿಲ್ಲ. ಅದು ಸುಮ್ಮನಾದರೆ ವಾಲ್ವುಗಳನ್ನು ಒಂದೊಂದಾಗಿ ಕಿತ್ತು ಬೇರೆ ಹಾಕಿ ನೋಡಬೇಕು, ಪೆನ್ಸಿಲಿನಿಂದ ಮೆಲ್ಲಗೆ ತಟ್ಟಿ ಯಾವುದು ಕರಕರ ಅನ್ನುತ್ತದೆಂದು ಕಿವಿಗೊಡಬೇಕು. ಆದರೆ ಎರಡು ಚಾನೆಲ್ ಇದ್ದ ಮಾತ್ರಕ್ಕೆ ಸಾಕ್ಷಿ ಸಿಗುವುದಿಲ್ಲ. ಎರಡೂ ಸರಿಸಮಾನವಾಗಿರಬೇಕು. ಸ್ಟೀರಿಯೊದ ಎರಡು ಚಾನೆಲ್‌ಗಳು ಸಮಾನವಾದದ್ದು ತಾನಾಗಿ ಆದದ್ದಲ್ಲ.

ಎರಡು ಕಿವಿಗೆ ಎರಡು ತಂತಿ ಎಂಬ ಉಪಾಯ ರೇಡಿಯೊಗಿಂತ ಹಳೆಯದು. 1881ರಲ್ಲಿ ಪ್ಯಾರಿಸ್ಸಿನ ವಿದ್ಯುತ್ ಪ್ರದರ್ಶನದಲ್ಲಿ ಕ್ಲೆಮಾಂ ಅಡೇರ್ ಎಂಬ ಎಂಜಿನಿಯರ್ ಅಲ್ಲಿನ ಒಪೆರಾ ರಂಗದ ಅಂಚಿನಲ್ಲಿ ಇಂಗಾಲದ ಮೈಕುಗಳನ್ನು ಸಾಲಾಗಿ ಇಟ್ಟ. ಅವುಗಳ ತಂತಿಗಳು ಊರಿನ ಚರಂಡಿ ಸುರಂಗಗಳ ಮೂಲಕ ಪ್ರದರ್ಶನದ ಕಟ್ಟಡಕ್ಕೆ ಬಂದವು. ಕೇಳುವವರು ಎರಡು ಕಿವಿಗೂ ಒಂದೊಂದು ಟೆಲಿಫೋನ್ ರಿಸೀವರ್ ಹಿಡಿದುಕೊಳ್ಳುತ್ತಿದ್ದರು. ಹಾಡುವವರು ರಂಗದ ಮೇಲೆ ಎಡದಿಂದ ಬಲಕ್ಕೆ ನಡೆದರೆ ಕಿವಿಗೂ ಹಾಗೆಯೇ ತಿಳಿಯುತ್ತಿತ್ತು. ಒಂದು ರಿಸೀವರನ್ನು ಕಿವಿಯಿಂದ ತೆಗೆದರೆ ನಡಿಗೆ ಮಾಯ, ಹಾಡು ಮಾತ್ರ ಉಳಿಯುತ್ತಿತ್ತು. ಒಂದು ಚಾನೆಲ್ ಸತ್ತರೆ ಏನು ಹೋಗುತ್ತದೆ ಎಂಬುದು ಜನರಿಗೆ ಮೊದಲು ಗೊತ್ತಾದದ್ದು ಬಹುಶಃ ಅಲ್ಲೇ. ಅರ್ಧ ಸದ್ದು ಹೋಗುವುದು ಸಣ್ಣ ವಿಷಯ, ಜಾಗವೇ ಹೋಗುತ್ತದೆ.

ಇದಾಗಿ ಐವತ್ತು ವರ್ಷದ ಮೇಲೆ ಲಂಡನ್ನಿನ ಎಂಜಿನಿಯರ್ ಅಲನ್ ಬ್ಲಮ್ಲೈನ್ ಹೆಂಡತಿ ಡೊರೀನ್ ಜೊತೆ ಟಾಕಿ ಸಿನಿಮಾ ನೋಡಲು ಹೋದ. ತೆರೆಯ ಮೇಲೆ ನಟ ಆ ತುದಿಗೆ ನಡೆದರೂ ದನಿ ಮಾತ್ರ ಇದ್ದಲ್ಲೇ ಇರುವುದು ಅವನಿಗೆ ಸರಿಬರಲಿಲ್ಲ, ಇದಕ್ಕೊಂದು ದಾರಿ ತನಗೆ ಗೊತ್ತು ಅಂದ ಎಂದು ಡೊರೀನ್ ಮುಂದೆ ನೆನಪಿಸಿಕೊಂಡಿದ್ದಾರೆ. ಆಗ ಅವನಿಗೆ ಇಪ್ಪತ್ತೆಂಟು ವರ್ಷ. ಕೆಲಸ ಇಎಂಐನಲ್ಲಿ. ನಮ್ಮಲ್ಲಿ ನಾಯಿ ಮಾರ್ಕಿನ ಪ್ಲೇಟು ಎಂದು ಹೆಸರಾಗಿದ್ದ ಎಚ್‌ಎಂವಿಯನ್ನೂ ಕೊಲಂಬಿಯಾವನ್ನೂ ಕೂಡಿಸಿ ಅದೇ 1931ರಲ್ಲಿ ಹುಟ್ಟಿದ ಕಂಪನಿ ಅದು. ಡಿಸೆಂಬರಿನಲ್ಲಿ ಅವನು ಸಲ್ಲಿಸಿದ ಪೇಟೆಂಟ್ ಅರ್ಜಿಯಲ್ಲಿ ‘ಸ್ಟೀರಿಯೊ’ ಎಂಬ ಹೆಸರಿಲ್ಲ. ಅವನು ಬಳಸಿದ ಪದದ ಅರ್ಥ ‘ಇಬ್ಬಗೆ ಕಿವಿಯ’ ಎಂದು. ಸ್ಟೀರಿಯೊ ಗ್ರೀಕಿನಿಂದ ಬಂದದ್ದು, ಅದರ ಅರ್ಥ ಎರಡು ಅಂತಲ್ಲ, ಘನ, ಗಟ್ಟಿ ಅಂತ. ಕನ್ನಡಿಗರು ಇಡೀ ಸೆಟ್ಟನ್ನೇ ‘ಸ್ಟೀರಿಯೊ’ ಅನ್ನುವಾಗ ತಿಳಿಯದೆಯೇ ಮೂಲಕ್ಕೆ ಹತ್ತಿರದಲ್ಲಿದ್ದಾರೆ.

1933ರ ಕೊನೆಯಲ್ಲಿ ಇಎಂಐನ ಸಭಾಂಗಣದಲ್ಲಿ ಎಂಜಿನಿಯರುಗಳೇ ಅತ್ತಿತ್ತ ನಡೆಯುತ್ತ ಮಾತಾಡಿ ಪ್ರಯೋಗದ ತಟ್ಟೆಗಳನ್ನು ಮಾಡಿದರು. 1934ರ ಜನವರಿಯಲ್ಲಿ ಆಬಿ ರೋಡ್ ಸ್ಟುಡಿಯೊದಲ್ಲಿ ಥಾಮಸ್ ಬೀಚಮ್ ನಡೆಸುತ್ತಿದ್ದ ಮೊಜಾರ್ಟ್ ತಾಲೀಮನ್ನು ಧ್ವನಿಮುದ್ರಿಸಿದರು. 1935ರಲ್ಲಿ ಹೇಸ್ ಸ್ಟೇಷನ್ನಿನ ರೈಲುಗಳ ಪುಟ್ಟ ಚಿತ್ರ ತೆಗೆದರು, ಅದರಲ್ಲಿ ರೈಲಿನ ಜೊತೆ ಸದ್ದೂ ಹಾದುಹೋಗುತ್ತದೆ. ಕಂಪನಿ ಅಲ್ಲಿಗೇ ಕೈಬಿಟ್ಟಿತು. ಬ್ಲಮ್ಲೈನನನ್ನು ಟೆಲಿವಿಷನ್ನಿಗೆ, ಆಮೇಲೆ ರೇಡಾರಿಗೆ ಎಳೆದುಕೊಂಡರು. (ಸಿನಿಮಾದಲ್ಲಿ ಅವನು ಬಯಸಿದ್ದನ್ನು ನಮ್ಮ ದೇಶದ ದೊಡ್ಡ ಜನಸಮೂಹ ಕೇಳಿದ್ದು 1975ರಲ್ಲಿ, ರಾಮನಗರದ ಬಂಡೆಗಳ ನಡುವೆ ತೆಗೆದ ‘ಶೋಲೆ’ಯ 70 ಎಂಎಂ ಪ್ರಿಂಟಿನಲ್ಲಿ. ಜೈ ಚಿಮ್ಮಿದ ನಾಣ್ಯ ತಮ್ಮ ಪಕ್ಕದಲ್ಲೇ ಬಿತ್ತೆಂದು ಜನ ಸೀಟಿನಡಿ ಹುಡುಕಿದರು ಎಂಬ ಕತೆ ಇಂದಿಗೂ ಓಡಾಡುತ್ತಿದೆ.)

ಆ ಪೇಟೆಂಟಿನಲ್ಲಿ ರಿಪೇರಿ ಅಂಗಡಿಗೆ ಸಂಬಂಧಪಟ್ಟ ಮಾತು ಗ್ರಾಮಫೋನ್ ತಟ್ಟೆಯ ಗೆರೆಯ ಕುರಿತದ್ದು. ಒಂದೇ ಗೆರೆಯಲ್ಲಿ ಎರಡು ಚಾನೆಲ್ ತುಂಬುವುದು ಹೇಗೆ? ಒಂದು ದಾರಿ, ಒಂದು ಚಾನೆಲ್ಲಿಗೆ ಮುಳ್ಳು ಅಕ್ಕಪಕ್ಕ ಅಲುಗಬೇಕು, ಇನ್ನೊಂದಕ್ಕೆ ಮೇಲೆಕೆಳಗೆ. ಬ್ಲಮ್ಲೈನ್ ಇನ್ನೊಂದು ದಾರಿಯನ್ನೂ ಬರೆದಿಟ್ಟ. ಗೆರೆಯನ್ನು ಇಳಿಜಾರಿನ ಎರಡು ಗೋಡೆಗಳ ಕಾಲುವೆಯಂತೆ ಕೊರೆದು, ತಲಾ 45 ಡಿಗ್ರಿ ಓರೆಯ ಆ ಗೋಡೆಗಳಿಗೆ ಒಂದೊಂದು ಚಾನೆಲ್ ಕೊಡುವುದು. 1957ರ ಸುಮಾರಿಗೆ ಸ್ಟೀರಿಯೊ ತಟ್ಟೆ ಮಾರುಕಟ್ಟೆಗೆ ಹೊರಟಾಗ ಇದೇ ಎರಡು ದಾರಿಗಳ ನಡುವೆ ಪೈಪೋಟಿ. ಡೆಕ್ಕಾ ಮೊದಲನೆಯದನ್ನು ಹಿಡಿದಿತ್ತು, ಅಮೆರಿಕದ ವೆಸ್ಟ್ರೆಕ್ಸ್ ಎರಡನೆಯದನ್ನು. ಮೊದಲನೆಯದರಲ್ಲಿ ತೊಡಕಿತ್ತು. ಯಂತ್ರದ ಗುಡುಗುಡು ಹೆಚ್ಚಾಗಿ ಮೇಲೆಕೆಳಗಿನ ಅಲುಗಾಟ, ಹಾಗಾಗಿ ಅದೆಲ್ಲ ಒಂದೇ ಚಾನೆಲ್ಲಿನ ಪಾಲಿಗೆ ಬೀಳುತ್ತಿತ್ತು. ಹುಟ್ಟಿನಿಂದಲೇ ಒಂದು ಕಿವಿ ಕುಂಟು. 1958ರಲ್ಲಿ ಅಮೆರಿಕದ ರೆಕಾರ್ಡ್ ಕಂಪನಿಗಳ ಸಂಘ ಎರಡನೆಯದನ್ನು ಒಪ್ಪಿತು, ಜಗತ್ತು ಅದನ್ನೇ ಅನುಸರಿಸಿತು. ಎಡ ಬಲ ಒಂದೇ ಗುಣದವು ಎಂದು ಮೆಕ್ಯಾನಿಕ್ ಇಂದು ನಂಬಿ ವೈರು ಬದಲಿಸುವುದು ಈ ಆಯ್ಕೆಯ ಬಲದ ಮೇಲೆ.

ಅದನ್ನು ನೋಡಲು ಬ್ಲಮ್ಲೈನ್ ಉಳಿದಿರಲಿಲ್ಲ. 1942ರ ಜೂನ್ 7ರಂದು ರೇಡಾರ್ ಪರೀಕ್ಷೆಗೆ ಹಾರಿದ್ದ ಹ್ಯಾಲಿಫ್ಯಾಕ್ಸ್ ವಿಮಾನ ಹೊತ್ತಿಕೊಂಡು ಹಿಯರ್‌ಫರ್ಡ್‌ಶೈರಿನಲ್ಲಿ ಬಿತ್ತು. ಒಳಗಿದ್ದ 11 ಜನರೂ ಸತ್ತರು. ಬ್ಲಮ್ಲೈನನಿಗೆ ಇನ್ನೂ ಮೂವತ್ತೊಂಬತ್ತು ತುಂಬಿರಲಿಲ್ಲ. ತನಿಖೆಯವರು ಬಲಗಡೆಯ ಹೊರ ಎಂಜಿನನ್ನು ಬಿಚ್ಚಿ ಹುಡುಕುತ್ತ ಹೋಗಿ ಕೊನೆಗೆ ಮುಟ್ಟಿದ್ದು ಸರಿಯಾಗಿ ಬಿಗಿಯದೆ ಬಿಟ್ಟಿದ್ದ ಒಂದು ನಟ್ಟನ್ನು.

ಗೋಡೆಗಳು ಸಮಾನ, ಆದರೆ ಅವುಗಳ ಮೇಲೆ ಬೀಳುವ ಭಾರ ಸಮಾನವಲ್ಲ. ತಟ್ಟೆ ತಿರುಗುವಾಗ ಮುಳ್ಳಿನ ತೋಳು ನಡುವಿನ ಕಡೆಗೆ ಎಳೆಯಲ್ಪಡುತ್ತದೆ. ಒಳಗೋಡೆ ಎಡ ಚಾನೆಲ್ಲಿನದು, ಹೊರಗೋಡೆ ಬಲದ್ದು. ಎಳೆತ ಹೆಚ್ಚಾದರೆ ಮುಳ್ಳು ಹೊರಗೋಡೆಯನ್ನು ಬಿಟ್ಟುಬಿಟ್ಟು ಹಿಡಿಯುತ್ತದೆ. ಹಾಡು ಏರಿದಾಗ ಬಲಗಡೆ ಮಾತ್ರ ಚರಚರ ಅನ್ನುವ ಸೆಟ್ಟಿನಲ್ಲಿ ಆಂಪ್ಲಿಫೈಯರ್ ಬಿಚ್ಚುವುದಕ್ಕೆ ಮೊದಲು ತೋಳನ್ನು ಹೊರಗೆಳೆಯುವ ಆ ಪುಟ್ಟ ತೂಕ ಅಥವಾ ಸ್ಪ್ರಿಂಗನ್ನು ನೋಡಬೇಕು. ತೋಳಿನ ತುದಿಯಲ್ಲಿ ಕೂದಲಂಥ ನಾಲ್ಕು ತಂತಿಗಳಿರುತ್ತವೆ: ಬಿಳಿ ಮತ್ತು ನೀಲಿ ಎಡಕ್ಕೆ, ಕೆಂಪು ಮತ್ತು ಹಸಿರು ಬಲಕ್ಕೆ. ಚಾನೆಲ್ ಪೂರ್ತಿ ಸತ್ತಿದ್ದರೆ ಅಲ್ಲೊಂದು ಸಡಿಲಾಗಿರಬಹುದು, ಕಿಲುಬು ಹಿಡಿದಿರಬಹುದು. ವಾಲ್ಯೂಮ್ ತಿರುಗಿಸುವಾಗ ಮಾತ್ರ ಕರಕರ ಬಂದರೆ ಅದು ಗುಬ್ಬಿಯೊಳಗಿನ ಇಂಗಾಲದ ಪಟ್ಟಿಯ ಧೂಳು, ಅಷ್ಟೇ.

ಟ್ರಾನ್ಸಿಸ್ಟರ್ ಬಂದ ಮೇಲೆ ಸಾಕ್ಷಿಗೇ ಅಪಾಯ ಬಂತು. ಮೊದಮೊದಲ ಟ್ರಾನ್ಸಿಸ್ಟರ್ ಆಂಪ್ಲಿಫೈಯರುಗಳಲ್ಲಿ ಸ್ಪೀಕರಿಗೆ ಮುಂಚೆ ಒಂದು ದಪ್ಪ ಕೆಪಾಸಿಟರ್ ಇರುತ್ತಿತ್ತು, ಅದು ಡಿಸಿ ಕರೆಂಟನ್ನು ತಡೆಯುತ್ತಿತ್ತು. ಎಪ್ಪತ್ತರ ದಶಕದ ಹೊತ್ತಿಗೆ ಒಳ್ಳೆಯ ಸೆಟ್ಟುಗಳಿಂದ ಅದು ಮಾಯವಾಯಿತು. ಸದ್ದು ಚೆನ್ನಾಯಿತು, ಆದರೆ ಔಟ್‌ಪುಟ್ ಟ್ರಾನ್ಸಿಸ್ಟರ್ ಶಾರ್ಟ್ ಆದರೆ ಡಿಸಿ ನೇರವಾಗಿ ಸ್ಪೀಕರಿಗೆ ನುಗ್ಗಿ ಸುರುಳಿಯನ್ನು ಸುಡತೊಡಗಿತು. ಇಂಥ ಸೆಟ್ಟಿನಲ್ಲಿ ಹಿಂದೆಮುಂದೆ ನೋಡದೆ ವೈರು ಬದಲಿಸಿದರೆ ಎಡ ಸ್ಪೀಕರನ್ನು ಕೊಂದ ಆಂಪ್ಲಿಫೈಯರ್ ಬಲದ್ದನ್ನೂ ಕೊಲ್ಲುತ್ತದೆ. ಆದ್ದರಿಂದಲೇ ಬಲ್ಲವರು ಮೊದಲು ಮೀಟರಿನಲ್ಲಿ ಡಿಸಿ ನೋಡುತ್ತಾರೆ, ಇಲ್ಲವೇ ಹೋದರೆ ಹೋಗಲಿ ಅನ್ನುವ ಹಳೆಯ ಸ್ಪೀಕರೊಂದನ್ನು ಮೇಜಿನಡಿ ಇಟ್ಟುಕೊಂಡಿರುತ್ತಾರೆ.

ಅದಕ್ಕೆ ಪರಿಹಾರವಾಗಿ ಬಂದದ್ದು ರಿಲೇ. ಆನ್ ಮಾಡಿದ ಕೆಲವು ಸೆಕೆಂಡಿಗೆ ಟಕ್ ಎಂದು ಕೇಳಿಸುವುದು ಅದೇ. ಡಿಸಿ ಇಲ್ಲವೆಂದು ಖಾತರಿಯಾದ ಮೇಲೆ ಸ್ಪೀಕರನ್ನು ಜೋಡಿಸುತ್ತದೆ. ಹತ್ತಿಪ್ಪತ್ತು ವರ್ಷ ಕಳೆದರೆ ಕಾವಲುಗಾರನೇ ರೋಗಿ: ಅದರ ಬಿಲ್ಲೆಗಳ ಮೇಲೆ ಕಪ್ಪು ಪೊರೆ ಕಟ್ಟುತ್ತದೆ. ಸಣ್ಣ ದನಿಯಲ್ಲಿ ಎಡಗಡೆ ಮೌನ, ವಾಲ್ಯೂಮ್ ಏರಿಸಿದ ಕೂಡಲೇ ಗಪ್ಪನೆ ಎದ್ದು ಕೂರುತ್ತದೆ, ಮತ್ತೆ ಇಳಿಸಿದರೂ ಸ್ವಲ್ಪ ಹೊತ್ತು ಹಾಡುತ್ತಲೇ ಇರುತ್ತದೆ. ಸ್ಪೀಕರ್ ಕೆಟ್ಟಿದೆಯೆಂದು ಹೊಸದು ಕೊಂಡವರು ಎಷ್ಟೋ. ಪ್ಲಗ್ ಕಿತ್ತು, ಸ್ಪಿರಿಟ್ಟಿನಲ್ಲಿ ಅದ್ದಿದ ಕಾಗದದ ಚೂರನ್ನು ಬಿಲ್ಲೆಗಳ ನಡುವೆ ತೂರಿಸಿ ಎಳೆದರೆ ಕಾಗದದ ಮೇಲೆ ಎರಡು ಕಪ್ಪು ಗೆರೆ ಮೂಡುತ್ತವೆ.