ಗೃಹಬಳಕೆಯ ಸ್ಟೀಮ್ ಮಾಪ್: ಖರೀದಿ, ಬಳಕೆ ಹಾಗೂ ಸುರಕ್ಷತೆ ಕುರಿತು ಗ್ರಾಹಕರಿಗೆ ಮಾಹಿತಿ

1. ಪೀಠಿಕೆ

ಮನೆಯ ನೆಲವನ್ನು ಬಿಸಿ ಉಗಿಯಿಂದ ಒರೆಸುವ ವಿದ್ಯುತ್ ಸಾಧನವು ಸ್ಟೀಮ್ ಮಾಪ್ ಎಂಬ ಹೆಸರಿನಿಂದ ಮಾರುಕಟ್ಟೆಯಲ್ಲಿ ದೊರೆಯುತ್ತಿದೆ. ಫಿನಾಯಿಲ್ ಮುಂತಾದ ರಾಸಾಯನಿಕಗಳ ಬಳಕೆಯನ್ನು ಕಡಿಮೆ ಮಾಡುವುದು ಹಾಗೂ ಬಗ್ಗಿ ನೆಲ ಒರೆಸುವ ಶ್ರಮವನ್ನು ತಪ್ಪಿಸುವುದು ಇದರ ಮುಖ್ಯ ಅನುಕೂಲಗಳಾಗಿರುತ್ತವೆ. ಆದರೆ ಎಲ್ಲ ಬಗೆಯ ನೆಲಗಳಿಗೂ ಉಗಿ ಒಗ್ಗುವುದಿಲ್ಲ. ನೆಲವನ್ನು ಪರಿಶೀಲಿಸದೆ ಸಾಧನವನ್ನು ಖರೀದಿಸಿದಲ್ಲಿ ಹಣ ವ್ಯರ್ಥವಾಗುವುದಲ್ಲದೆ ನೆಲವೇ ಹಾಳಾಗುವ ಸಂಭವವಿರುತ್ತದೆ. ಅಜಾಗರೂಕತೆಯ ಬಳಕೆಯಿಂದ ಸುಟ್ಟಗಾಯ ಹಾಗೂ ವಿದ್ಯುತ್ ಅಪಘಾತಗಳೂ ಸಂಭವಿಸಬಹುದು. ಆದ್ದರಿಂದ ಗ್ರಾಹಕರು ಈ ಕೆಳಕಂಡ ಅಂಶಗಳನ್ನು ಗಮನಿಸುವುದು ಸೂಕ್ತ.

2. ಸಾಧನದ ಕಾರ್ಯವಿಧಾನ

ಸಾಧನದ ತೊಟ್ಟಿಯಲ್ಲಿರುವ ನೀರು ವಿದ್ಯುತ್ತಿನಿಂದ ಕಾದು, ಸುಮಾರು 100 ಡಿಗ್ರಿ ಸೆಲ್ಸಿಯಸ್ ಉಷ್ಣಾಂಶದಲ್ಲಿ ಉಗಿಯಾಗಿ, ತಳಭಾಗಕ್ಕೆ ತೊಡಿಸಿದ ಬಟ್ಟೆಯ ಮೂಲಕ ನೆಲವನ್ನು ತಲುಪುತ್ತದೆ. ಉಗಿಯು ಜಿಡ್ಡು ಮತ್ತು ಕಲೆಗಳನ್ನು ಸಡಿಲಗೊಳಿಸುತ್ತದೆ. ಬಟ್ಟೆಯು ಅವುಗಳನ್ನು ಹೀರಿಕೊಳ್ಳುತ್ತದೆ.

1 ಗ್ರಾಂ ನೀರನ್ನು 0 ಡಿಗ್ರಿಯಿಂದ 100 ಡಿಗ್ರಿಗೆ ಕಾಯಿಸಲು 100 ಕ್ಯಾಲೊರಿ ಶಾಖ ಸಾಕು. ಅದೇ ನೀರು ಉಗಿಯಾಗಲು ಮತ್ತೆ ಸುಮಾರು 540 ಕ್ಯಾಲೊರಿ ಬೇಕಾಗುತ್ತದೆ. ಉಗಿಯು ತಣ್ಣನೆಯ ವಸ್ತುವನ್ನು ತಾಕಿ ಪುನಃ ನೀರಾಗುವಾಗ ಈ ಶಾಖವೆಲ್ಲ ಆ ವಸ್ತುವಿಗೆ ಸೇರುತ್ತದೆ. ನೆಲ ಶುಚಿಯಾಗುವುದು ಈ ಶಾಖದಿಂದಲೇ. ಚರ್ಮಕ್ಕೆ ತಗುಲಿದಲ್ಲಿ ಸುಡುವುದೂ ಇದೇ ಶಾಖ.

3. ನೆಲದ ಬಗೆ ಮತ್ತು ಉಗಿಯ ಬಳಕೆ

(ಅ) ಸಾಮಾನ್ಯವಾಗಿ ಒಗ್ಗುವಂತಹವು: ಸಂದುಗಳು ಭದ್ರವಾಗಿರುವ ವಿಟ್ರಿಫೈಡ್ ಟೈಲ್ಸ್ ಮತ್ತು ಹೊಳಪು ಲೇಪನವುಳ್ಳ ಸೆರಾಮಿಕ್ ಟೈಲ್ಸ್.

(ಆ) ಎಚ್ಚರಿಕೆಯಿಂದ ಬಳಸಬೇಕಾದವು: ಗ್ರಾನೈಟ್, ಅಮೃತಶಿಲೆ, ಕಡಪಾ ಕಲ್ಲು, ಶಹಾಬಾದ್ ಕಲ್ಲು ಹಾಗೂ ಮೊಸಾಯಿಕ್. ಇವುಗಳ ಪಾಲಿಶ್ ಅಥವಾ ರಕ್ಷಣಾ ಲೇಪನವು ಶಾಖದಿಂದ ಮಂಕಾಗುವ ಸಾಧ್ಯತೆ ಇರುವುದರಿಂದ, ಮೊದಲು ಕಣ್ಣಿಗೆ ಬೀಳದ ಮೂಲೆಯೊಂದರಲ್ಲಿ ಪರೀಕ್ಷಿಸತಕ್ಕದ್ದು.

(ಇ) ಬಳಸಬಾರದಂತಹವು: ಲೇಪನವಿಲ್ಲದ ಮರದ ನೆಲ, ಲ್ಯಾಮಿನೇಟ್, ಅಂಟಿನಿಂದ ಕೂರಿಸಿದ ವಿನೈಲ್ ಹಾಸು, ಮೇಣ ಅಥವಾ ಎಣ್ಣೆಯಿಂದ ಹೊಳಪು ನೀಡಿದ ಹಳೆಯ ಮನೆಗಳ ರೆಡ್ ಆಕ್ಸೈಡ್ ನೆಲ, ಬಿರುಕು ಬಿಟ್ಟ ನೆಲ ಹಾಗೂ ಸೆಗಣಿ ಸಾರಿಸಿದ ಮಣ್ಣಿನ ನೆಲ. ತೇವಾಂಶ ಒಳಸೇರಿದಾಗ ಮರ ಮತ್ತು ಲ್ಯಾಮಿನೇಟ್ ಉಬ್ಬುತ್ತವೆ. ಶಾಖದಿಂದ ಅಂಟು ಸಡಿಲವಾಗುತ್ತದೆ, ಮೇಣ ಕರಗುತ್ತದೆ.

ಸರಳ ಪರೀಕ್ಷೆ: ನೆಲದ ಮೇಲೆ ಕೆಲವು ಹನಿ ನೀರು ಹಾಕಿ ಕೆಲವು ನಿಮಿಷ ಬಿಡುವುದು. ನೀರು ಇಂಗಿ ಆ ಜಾಗ ಕಪ್ಪಾದಲ್ಲಿ ಸದರಿ ನೆಲವು ತೇವವನ್ನು ಹೀರುತ್ತದೆ ಎಂದು ತಿಳಿದು ಉಗಿಯನ್ನು ಬಳಸದಿರುವುದು.

4. ಬಳಸುವ ಕ್ರಮ

1) ಮೊದಲು ನೆಲವನ್ನು ಗುಡಿಸಿ ಧೂಳು, ಮರಳು ಮತ್ತು ಕೂದಲನ್ನು ತೆಗೆಯತಕ್ಕದ್ದು. ಉಗಿಯು ಕಸವನ್ನು ತೆಗೆಯುವುದಿಲ್ಲ.

2) ತೊಟ್ಟಿಗೆ ನೀರನ್ನು ಮಾತ್ರ ತುಂಬತಕ್ಕದ್ದು. ಕೊಳವೆ ಬಾವಿಯ ಗಡಸು ನೀರಿನಿಂದ ತೊಟ್ಟಿ ಮತ್ತು ನಳಿಕೆಗಳಲ್ಲಿ ಸುಣ್ಣದ ಪದರ ಕಟ್ಟಿಕೊಂಡು ಉಗಿ ಬರುವುದು ನಿಲ್ಲುತ್ತದೆ. ಅಂತಹ ಪ್ರದೇಶಗಳಲ್ಲಿ ಶುದ್ಧೀಕರಿಸಿದ ಮೃದು ನೀರು ಉತ್ತಮ.

3) ಫಿನಾಯಿಲ್, ಆಸಿಡ್ ಅಥವಾ ಬ್ಲೀಚಿಂಗ್ ದ್ರಾವಣವನ್ನು ತೊಟ್ಟಿಗೆ ಹಾಕಕೂಡದು. ಬ್ಲೀಚಿಂಗ್ ಪುಡಿಯೊಡನೆ ಆಸಿಡ್ ಬೆರೆತಲ್ಲಿ ವಿಷಕಾರಿ ಕ್ಲೋರಿನ್ ಅನಿಲ ಹೊರಬರುತ್ತದೆ.

4) ಸಾಧನವನ್ನು ನಿಧಾನವಾಗಿ ಚಲಿಸತಕ್ಕದ್ದು. ಶಾಖವು ಸ್ವಲ್ಪ ಹೊತ್ತು ತಾಕಿದಲ್ಲಿ ಮಾತ್ರ ರೋಗಾಣುಗಳು ನಾಶವಾಗುತ್ತವೆ. ಒಮ್ಮೆ ಬೇಗನೆ ಎಳೆದ ಮಾತ್ರಕ್ಕೆ ನೆಲ ರೋಗಾಣುಮುಕ್ತವಾಗುವುದಿಲ್ಲ. ಆದರೆ ಒಂದೇ ಸ್ಥಳದಲ್ಲಿ ನಿಲ್ಲಿಸಿ ಬಿಡಬಾರದು.

5) ಬಟ್ಟೆ ಕೊಳೆಯಾದ ಕೂಡಲೇ ಬದಲಿಸತಕ್ಕದ್ದು. ಕೆಲಸ ಮುಗಿದ ನಂತರ ತೊಟ್ಟಿಯನ್ನು ಖಾಲಿ ಮಾಡಿ, ಬಟ್ಟೆಯನ್ನು ಒಗೆದು ಬಿಸಿಲಿನಲ್ಲಿ ಒಣಗಿಸುವುದು.

5. ಸುರಕ್ಷತಾ ಕ್ರಮಗಳು

1) 1500 ವ್ಯಾಟ್ ಸಾಮರ್ಥ್ಯದ ಸಾಧನವು 230 ವೋಲ್ಟ್‌ನಲ್ಲಿ ಸುಮಾರು 6.5 ಆಂಪಿಯರ್ ವಿದ್ಯುತ್ತನ್ನು ಎಳೆಯುತ್ತದೆ. ಆದ್ದರಿಂದ 6 ಆಂಪಿಯರ್‌ನ ಚಿಕ್ಕ ಸಾಕೆಟ್‌ಗೆ ಜೋಡಿಸದೆ, ಅರ್ಥಿಂಗ್ ಇರುವ 16 ಆಂಪಿಯರ್ ಸಾಕೆಟ್ ಬಳಸತಕ್ಕದ್ದು. ಇಂತಹ ಸಾಧನವನ್ನು 20 ನಿಮಿಷ ನಿರಂತರವಾಗಿ ಬಳಸಿದಲ್ಲಿ ಅರ್ಧ ಯೂನಿಟ್ ವಿದ್ಯುತ್ ಖರ್ಚಾಗುತ್ತದೆ.

2) ಮನೆಯ ವಿದ್ಯುತ್ ಜಾಲದಲ್ಲಿ 30 ಮಿಲಿ ಆಂಪಿಯರ್‌ನ ಆರ್‌ಸಿಸಿಬಿ ಅಳವಡಿಸಿರುವುದು ಅಪೇಕ್ಷಣೀಯ.

3) ನೀರು ತುಂಬುವಾಗ ಮತ್ತು ಬಟ್ಟೆ ಬದಲಿಸುವಾಗ ಪ್ಲಗ್ ತೆಗೆದು, ಸಾಧನ ತಣ್ಣಗಾಗುವವರೆಗೆ ಕಾಯತಕ್ಕದ್ದು.

4) ತೆವಳುವ ಮಕ್ಕಳನ್ನು ಮತ್ತು ಸಾಕುಪ್ರಾಣಿಗಳನ್ನು ದೂರವಿರಿಸತಕ್ಕದ್ದು. ಬಿಸಿಯಾದ ಸಾಧನವನ್ನು ಗಮನಿಸದೆ ಬಿಟ್ಟು ಹೋಗಕೂಡದು. ಉಗಿಯನ್ನು ಸ್ವಿಚ್ ಹಲಗೆ ಅಥವಾ ವಿದ್ಯುತ್ ಉಪಕರಣಗಳ ಕಡೆಗೆ ಹಾಯಿಸಕೂಡದು.

5) ಸುಟ್ಟಗಾಯವಾದಲ್ಲಿ ಆ ಭಾಗವನ್ನು ಹರಿಯುವ ತಣ್ಣೀರಿನ ಕೆಳಗೆ 20 ನಿಮಿಷ ಹಿಡಿಯತಕ್ಕದ್ದು. ಟೂತ್‌ಪೇಸ್ಟ್, ಎಣ್ಣೆ ಅಥವಾ ಶಾಯಿ ಹಚ್ಚಕೂಡದು, ಬೊಬ್ಬೆಗಳನ್ನು ಒಡೆಯಕೂಡದು. ಮಗುವಿಗೆ ಸುಟ್ಟಿದ್ದಲ್ಲಿ ಅಥವಾ ಗಾಯ ದೊಡ್ಡದಿದ್ದಲ್ಲಿ ತಕ್ಷಣ ವೈದ್ಯರನ್ನು ಕಾಣುವುದು. ಕರ್ನಾಟಕದಲ್ಲಿ ಆಂಬುಲೆನ್ಸ್ ಸೇವೆಗಾಗಿ 108 ಸಂಖ್ಯೆಗೆ ಕರೆ ಮಾಡಬಹುದು.

6. ಖರೀದಿಸುವಾಗ ಪರಿಶೀಲಿಸಬೇಕಾದ ಅಂಶಗಳು

ಪೊಟ್ಟಣದ ಮೇಲೆ ತಯಾರಕರ ಅಥವಾ ಆಮದುದಾರರ ಹೆಸರು ಹಾಗೂ ವಿಳಾಸ, ಗರಿಷ್ಠ ಮಾರಾಟ ಬೆಲೆ ಮತ್ತು ಗ್ರಾಹಕ ಸೇವಾ ಸಂಪರ್ಕದ ವಿವರ ಇರುವುದನ್ನು ನೋಡತಕ್ಕದ್ದು. ಬಳಕೆ ಕೈಪಿಡಿಯಲ್ಲಿ ಯಾವ ನೆಲಗಳಿಗೆ ಸಾಧನವು ಯೋಗ್ಯವೆಂದು ತಿಳಿಸಿದೆ ಎಂಬುದನ್ನು ಓದತಕ್ಕದ್ದು. ಬದಲಿ ಬಟ್ಟೆ ಮತ್ತು ಬಿಡಿಭಾಗಗಳ ಲಭ್ಯತೆಯನ್ನು ವಿಚಾರಿಸಿ, ರಸೀದಿ ಮತ್ತು ವಾರಂಟಿ ಪತ್ರವನ್ನು ತಪ್ಪದೆ ಪಡೆಯತಕ್ಕದ್ದು.

7. ದೂರು ಸಲ್ಲಿಸುವ ವಿಧಾನ

ಸಾಧನದಲ್ಲಿ ದೋಷವಿದ್ದಲ್ಲಿ ಅಥವಾ ಎಲ್ಲ ನೆಲಗಳಿಗೂ ಯೋಗ್ಯವೆಂಬ ತಪ್ಪು ಭರವಸೆ ನೀಡಿ ಮಾರಾಟ ಮಾಡಿದ್ದಲ್ಲಿ, ಮೊದಲು ಮಾರಾಟಗಾರರಿಗೆ ಹಾಗೂ ತಯಾರಕರಿಗೆ ಲಿಖಿತವಾಗಿ ತಿಳಿಸುವುದು. ಪರಿಹಾರ ದೊರೆಯದಿದ್ದಲ್ಲಿ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915 ಅನ್ನು ಸಂಪರ್ಕಿಸಬಹುದು. ಗ್ರಾಹಕ ಸಂರಕ್ಷಣಾ ಕಾಯ್ದೆ, 2019ರ ಅನ್ವಯ ಗ್ರಾಹಕರು ತಾವು ವಾಸಿಸುವ ಅಥವಾ ಉದ್ಯೋಗ ಮಾಡುವ ಜಿಲ್ಲೆಯ ಗ್ರಾಹಕ ಆಯೋಗದಲ್ಲಿಯೂ ದೂರು ದಾಖಲಿಸಬಹುದು. ದೂರಿಗೆ ಕಾರಣ ಉಂಟಾದ ದಿನದಿಂದ 2 ವರ್ಷಗಳ ಒಳಗೆ ದೂರು ಸಲ್ಲಿಸತಕ್ಕದ್ದು. ಪಾವತಿಸಿದ ಮೊತ್ತ 5 ಲಕ್ಷ ರೂಪಾಯಿಗಳವರೆಗೆ ಇದ್ದಲ್ಲಿ ಶುಲ್ಕವಿರುವುದಿಲ್ಲ.

ದೂರಿನೊಡನೆ ಲಗತ್ತಿಸಬೇಕಾದ ದಾಖಲೆಗಳು: ರಸೀದಿ, ವಾರಂಟಿ ಪತ್ರ, ಜಾಹೀರಾತು ಅಥವಾ ಕೈಪಿಡಿಯ ಪ್ರತಿ, ಹಾನಿಗೊಂಡ ನೆಲದ ಅಥವಾ ಸಾಧನದ ಛಾಯಾಚಿತ್ರ, ಗಾಯವಾಗಿದ್ದಲ್ಲಿ ವೈದ್ಯರ ಚೀಟಿ ಹಾಗೂ ಮಾರಾಟಗಾರರೊಂದಿಗೆ ನಡೆಸಿದ ಪತ್ರವ್ಯವಹಾರ.

ವಿಶೇಷ ಸೂಚನೆ: ಮನೆಯ ನೆಲ ಯಾವ ಬಗೆಯದೆಂಬುದನ್ನು ಮೊದಲು ಖಚಿತಪಡಿಸಿಕೊಂಡು, ನಂತರವೇ ಸ್ಟೀಮ್ ಮಾಪ್ ಖರೀದಿಸುವ ಕುರಿತು ತೀರ್ಮಾನಿಸಬೇಕಾಗಿ ಸಾರ್ವಜನಿಕರಲ್ಲಿ ಕೋರಲಾಗಿದೆ.