ನೆಸ್ತೋರಿಯನ್ ಎಂಬ ಹಣೆಪಟ್ಟಿ: ಎಫೆಸದಿಂದ ಉದಯಂಪೇರೂರಿನವರೆಗೆ

ಕ್ರಿಸ್ತನ ಸ್ವರೂಪದ ಬಗ್ಗೆ ತಪ್ಪು ಬೋಧಿಸಿದರೆಂದು ಧರ್ಮಸಭೆ ಹೊರಹಾಕಿದವರ ಸಾಲಿನಲ್ಲಿ ನೆಸ್ತೋರಿಯಸ್ ವಿಚಿತ್ರ ವ್ಯಕ್ತಿ. ಆತ ಪೀಠವೇರಿದ್ದೇ ಪಾಷಂಡಿಗಳ ಬೇಟೆಗಾರನಾಗಿ. 428ರ ಏಪ್ರಿಲ್‌ನಲ್ಲಿ ಕಾನ್‌ಸ್ಟಾಂಟಿನೋಪಲ್‌ನ ಬಿಷಪ್ ಆದ ಈ ಅಂತಿಯೋಕ್ಯದ ಸನ್ಯಾಸಿ, ಪಾಷಂಡಿಗಳನ್ನು ನಿರ್ಮೂಲ ಮಾಡಿಕೊಟ್ಟರೆ ಪ್ರತಿಯಾಗಿ ಸ್ವರ್ಗ ದೊರಕಿಸುವುದಾಗಿ ಮೊದಲ ಪ್ರಸಂಗದಲ್ಲೇ ಚಕ್ರವರ್ತಿ ಎರಡನೆಯ ಥಿಯೊಡೋಸಿಯಸ್‌ಗೆ ಮಾತು ಕೊಟ್ಟನೆಂದು ಸಮಕಾಲೀನ ಚರಿತ್ರೆಕಾರ ಸಾಕ್ರಟೀಸ್ ಸ್ಕೊಲಾಸ್ತಿಕಸ್ ಬರೆಯುತ್ತಾನೆ. ಐದು ದಿನ ಕಳೆಯುವಷ್ಟರಲ್ಲಿ ಏರಿಯಸ್‌ನ ಅನುಯಾಯಿಗಳ ಪ್ರಾರ್ಥನಾಲಯ ಕೆಡವಲು ಹೊರಟ. ಅವರು ಹತಾಶರಾಗಿ ತಾವೇ ಅದಕ್ಕೆ ಬೆಂಕಿಯಿಟ್ಟರು, ಅಕ್ಕಪಕ್ಕದ ಕಟ್ಟಡಗಳೂ ಉರಿದವು. ಊರವರು ಬಿಷಪ್ಪನಿಗೆ ‘ಬೆಂಕಿ ಹಚ್ಚುವವ’ ಎಂದು ಅಡ್ಡಹೆಸರಿಟ್ಟರು. ಮೂರೇ ವರ್ಷದಲ್ಲಿ ಅದೇ ವ್ಯಕ್ತಿ ಪಾಷಂಡಿಗಳ ಪಟ್ಟಿಗೆ ಸೇರಿದ್ದ.

ಆತ ಹೇಳಿದ್ದು ಸರಿಯೋ ತಪ್ಪೋ ಎಂಬುದರ ಮೇಲೆ ಬೇಕಾದಷ್ಟು ಗ್ರಂಥಗಳಿವೆ. ನನ್ನ ಕುತೂಹಲ ಬೇರೆ: ಅದು ತಪ್ಪೆಂದು ಗುರುತಿಸಿದವರು ಯಾವ ಅಳತೆಗೋಲು ಹಿಡಿದಿದ್ದರು? ಕಾನ್‌ಸ್ಟಾಂಟಿನೋಪಲ್‌ನಿಂದ ಕೇರಳದ ಉದಯಂಪೇರೂರಿನವರೆಗಿನ ಸುಮಾರು 1170 ವರ್ಷಗಳ ದಾಖಲೆಗಳನ್ನು ಒಟ್ಟಿಗೆ ಇಟ್ಟು ನೋಡಿದರೆ ಈ ಅಳತೆಗೋಲು ಜಾರುತ್ತಾ ಹೋದದ್ದು ಕಾಣುತ್ತದೆ. ಮೊದಲು ವಾದವನ್ನು ಪರೀಕ್ಷಿಸುತ್ತಿದ್ದರು, ಆಮೇಲೆ ಪದವನ್ನು, ಕೊನೆಗೆ ಬರೀ ಹೆಸರನ್ನು.

ನೆಸ್ತೋರಿಯಸ್ ಬರುವ ಹೊತ್ತಿಗೆ ಎರಡು ಗಡಿಕಲ್ಲುಗಳು ನೆಟ್ಟಾಗಿದ್ದವು. ಪುತ್ರನು ಸೃಷ್ಟಿಯಲ್ಲ, ತಂದೆಯ ಸತ್ವವೇ ಪುತ್ರನ ಸತ್ವ ಎಂದು 325ರ ನೈಸೀಯ ಸಭೆ ಏರಿಯಸ್‌ಗೆ ಉತ್ತರ ಕೊಟ್ಟಿತ್ತು. ಕ್ರಿಸ್ತನಿಗೆ ಮನುಷ್ಯನ ಬುದ್ಧಿಮನಸ್ಸು ಇರಲಿಲ್ಲ, ಆ ಜಾಗದಲ್ಲಿ ದೇವರ ವಾಕ್ಯವೇ (ಅಂದರೆ ದೈವಪುತ್ರ) ಇತ್ತು ಎಂದ ಅಪೊಲ್ಲಿನಾರಿಸ್‌ನ ಬೋಧನೆಯನ್ನು 381ರ ಸಭೆ ತಿರಸ್ಕರಿಸಿತ್ತು. ಅಂತಿಯೋಕ್ಯದ ಪಾಠಶಾಲೆಗೆ ಅಪೊಲ್ಲಿನಾರಿಸ್‌ನ ಭಯ; ಕ್ರಿಸ್ತನ ಮನುಷ್ಯತ್ವ ಎಲ್ಲಿ ಕರಗಿಹೋಗುತ್ತದೋ ಎಂಬ ಆತಂಕ. ಅಲೆಕ್ಸಾಂಡ್ರಿಯದವರಿಗೆ ಸಮೊಸಾತದ ಪೌಲನ ಭಯ. ಯೇಸು ದೈವಾನುಗ್ರಹ ಪಡೆದ ಮನುಷ್ಯ ಮಾತ್ರ ಎಂದನೆಂಬ ಆರೋಪದ ಮೇಲೆ ಆತನನ್ನು ಅಂತಿಯೋಕ್ಯದ ಪೀಠದಿಂದ 268ರಲ್ಲಿ ಇಳಿಸಲಾಗಿತ್ತು.

ಜಗಳ ಶುರುವಾದದ್ದು ನೆಸ್ತೋರಿಯಸ್‌ನ ಜೊತೆ ಬಂದಿದ್ದ ಅನಸ್ತಾಸಿಯಸ್ ಎಂಬ ಪಾದ್ರಿಯಿಂದ. ಮರಿಯಳು ಮನುಷ್ಯಳು, ಮನುಷ್ಯಳಿಂದ ದೇವರು ಹುಟ್ಟಲಾರನು, ಆದ್ದರಿಂದ ಆಕೆಯನ್ನು ‘ಥಿಯೊಟೋಕೊಸ್’, ಅಂದರೆ ದೇವಮಾತೆ, ಎನ್ನಬೇಡಿ ಎಂದು ಆತ ಪ್ರಸಂಗ ಮಾಡಿದ. ಭಕ್ತರು ಕೆರಳಿದರು. ನೆಸ್ತೋರಿಯಸ್ ಪಾದ್ರಿಯನ್ನು ಬಿಟ್ಟುಕೊಡದೆ, ‘ಕ್ರಿಸ್ತಮಾತೆ’ ಎಂದರೆ ದೈವತ್ವ ಮನುಷ್ಯತ್ವ ಎರಡಕ್ಕೂ ಸಲ್ಲುತ್ತದಲ್ಲ ಎಂದು ಮಧ್ಯದ ದಾರಿ ತೋರಿದ. ಸಂಧಾನ ಎಂದುಕೊಂಡು ಆಡಿದ ಮಾತೇ ಆತನಿಗೆ ಮುಳುವಾಯಿತು.

ರಾಜಧಾನಿಯ ವಕೀಲ ಯುಸೀಬಿಯಸ್ ಎಂಬವನು, ಇನ್ನೂ ಪಾದ್ರಿಯೂ ಆಗಿರದವನು, ಊರಿನಲ್ಲಿ ಒಂದು ಪ್ರಕಟಣೆ ಅಂಟಿಸಿದ. ಅದರಲ್ಲಿ ಸಮೊಸಾತದ ಪೌಲನ ಮಾತುಗಳು ಮತ್ತು ನೆಸ್ತೋರಿಯಸ್‌ನ ಮಾತುಗಳು ಜೋಡಿ ಜೋಡಿಯಾಗಿದ್ದವು: ಅವನು ಹೀಗೆಂದ, ಇವನೂ ಹೀಗೆಂದ. ಹಳೆಯ ತೀರ್ಪಿನ ಪಕ್ಕ ಹೊಸ ಆರೋಪಿಯನ್ನು ನಿಲ್ಲಿಸುವ ವಕೀಲಿ ಜಾಣ್ಮೆ ಇದು. ಬೇಗ ಮನಸ್ಸಿಗೆ ನಾಟುತ್ತದೆ, ಆದರೆ ಎರಡು ವಾಕ್ಯಗಳ ಹೋಲಿಕೆ ಎರಡು ಸಿದ್ಧಾಂತಗಳ ಹೋಲಿಕೆಯಲ್ಲ. ಸಾಕ್ರಟೀಸ್ ನೆಸ್ತೋರಿಯಸ್‌ನ ಬರಹಗಳನ್ನು ತಾನೇ ಓದಿ ನೋಡಿದ. ಈತ ಪೌಲನ ಹಾದಿಯವನಲ್ಲ, ‘ದೇವಮಾತೆ’ ಎಂಬ ಪದವನ್ನು ಕಂಡು ಗುಮ್ಮನನ್ನು ಕಂಡ ಮಗುವಿನಂತೆ ಬೆದರಿದ್ದಾನೆ, ಒರಿಜೆನ್‌ನಂತಹ ಹಿರಿಯರೇ ಆ ಪದ ಬಳಸಿದ್ದು ಈತನಿಗೆ ಗೊತ್ತಿಲ್ಲ ಎಂಬುದು ಅವನ ನಿರ್ಣಯ. ಅವನಿಗೆ ನೆಸ್ತೋರಿಯಸ್‌ನ ಮೇಲೆ ಪ್ರೀತಿಯೇನೂ ಇರಲಿಲ್ಲ. ಹಾಗಾಗಿಯೇ ಈ ಸಾಕ್ಷ್ಯಕ್ಕೆ ನಾನು ಹೆಚ್ಚು ತೂಕ ಕೊಡುತ್ತೇನೆ.

ಹಾಗೆಂದು ಇಡೀ ವಿವಾದವನ್ನು ಪದಗಳ ಕಚ್ಚಾಟ ಎಂದು ತಳ್ಳಿಹಾಕುವುದೂ ಸುಳ್ಳಾದೀತು. ಅಲೆಕ್ಸಾಂಡ್ರಿಯದ ಬಿಷಪ್ ಸಿರಿಲ್ ಎತ್ತಿದ ಪ್ರಶ್ನೆ ಗಟ್ಟಿಯಾದದ್ದು. ಹಸಿದವನು, ಅತ್ತವನು, ಶಿಲುಬೆಯ ಮೇಲೆ ಸತ್ತವನು ಯಾರು? ದೇವರ ವಾಕ್ಯವೇ ಶರೀರ ಧರಿಸಿ ಇದನ್ನೆಲ್ಲ ಅನುಭವಿಸಿತು ಎಂದರೆ ರಕ್ಷಣೆಯ ಮಾತಿಗೆ ಅರ್ಥವಿದೆ. ಅನುಭವಿಸಿದವನು ಆ ವಾಕ್ಯದ ಜೊತೆಗೂಡಿದ್ದ ಇನ್ನೊಬ್ಬ ಎಂದರೆ ಸತ್ತದ್ದು ಒಬ್ಬ ಸಂತ, ಅಷ್ಟೇ. ಇದನ್ನು ನೆಸ್ತೋರಿಯಸ್ ನೇರವಾಗಿ ಹೇಳಲಿಲ್ಲ; ಇಬ್ಬರು ಪುತ್ರರಿದ್ದಾರೆಂಬ ಆರೋಪವನ್ನು ಕೊನೆಯವರೆಗೂ ನಿರಾಕರಿಸಿದ. ಆದರೆ ಹುಟ್ಟು ಸಾವುಗಳನ್ನು ಮನುಷ್ಯತ್ವಕ್ಕೂ ಪವಾಡಗಳನ್ನು ದೈವತ್ವಕ್ಕೂ ಎಷ್ಟು ಚೊಕ್ಕವಾಗಿ ಹಂಚುತ್ತಿದ್ದನೆಂದರೆ, ಎರಡನ್ನೂ ಹಿಡಿದಿಟ್ಟ ‘ಒಬ್ಬ’ ಯಾರೆಂಬುದು ಮಸುಕಾಗುತ್ತಿತ್ತು. ಸಿರಿಲ್‌ನ ಆತಂಕಕ್ಕೆ ಆಧಾರವಿತ್ತು. ಆದರೆ ಆ ಮಾತಿನಿಂದ ಸಿರಿಲ್ ಹೊರಡಿಸಿದ ತೀರ್ಮಾನವನ್ನೇ ನೆಸ್ತೋರಿಯಸ್‌ನ ಬೋಧನೆಯೆಂದು ಆತನ ತಲೆಗೆ ಕಟ್ಟಿದ್ದು ಬೇರೆ ವಿಷಯ.

431ರ ಜೂನ್ 22ರಂದು ಎಫೆಸದಲ್ಲಿ ಸಭೆ ಆರಂಭವಾಯಿತು. ಅಂತಿಯೋಕ್ಯದ ಬಿಷಪ್ ಯೋಹಾನ ಮತ್ತವನ ಕಡೆಯ ಬಿಷಪ್ಪರು ಇನ್ನೂ ದಾರಿಯಲ್ಲಿದ್ದರು. 68 ಬಿಷಪ್ಪರು, ಜೊತೆಗೆ ಚಕ್ರವರ್ತಿಯ ಅಧಿಕಾರಿ ಕ್ಯಾಂಡಿಡಿಯನ್, ಕಾಯಲು ಹೇಳಿದರೂ ಸಿರಿಲ್ ಕಾಯಲಿಲ್ಲ. ಅವಸರದ ಸಭೆಯಾದರೂ ಅದರ ಕಲಾಪಕ್ಕೆ ಒಂದು ಕ್ರಮವಿತ್ತು. ಮೊದಲು ನೈಸೀಯ ವಿಶ್ವಾಸಪ್ರಮಾಣವನ್ನು ಓದಿದರು. ನಂತರ ನೆಸ್ತೋರಿಯಸ್‌ಗೆ ಸಿರಿಲ್ ಬರೆದ ಎರಡನೆಯ ಪತ್ರ. ಇದು ನೈಸೀಯಕ್ಕೆ ಹೊಂದುತ್ತದೆಯೇ ಎಂದು ಕೇಳಿದಾಗ ಬಿಷಪ್ಪರು ಒಬ್ಬೊಬ್ಬರಾಗಿ ಎದ್ದು ಹೊಂದುತ್ತದೆ ಎಂದರು. ಆಮೇಲೆ ನೆಸ್ತೋರಿಯಸ್‌ನ ಉತ್ತರ. ಅದು ಹೊಂದುವುದಿಲ್ಲ ಎಂದರು. ಪತ್ರಗಳನ್ನು ಇಡಿಯಾಗಿ ಓದಿ ಎಲ್ಲರೂ ಒಪ್ಪಿದ ಪ್ರಮಾಣಕ್ಕೆ ಹಿಡಿದು ನೋಡುವ ಈ ಕ್ರಮ ಯುಸೀಬಿಯಸ್‌ನ ಪ್ರಕಟಣೆಗಿಂತ ಎಷ್ಟೋ ನ್ಯಾಯಯುತ. ಆದರೆ ಸಭೆ ಅಲ್ಲಿಗೆ ನಿಲ್ಲಲಿಲ್ಲ. ಪೂರ್ವಿಕರ ಉಕ್ತಿಗಳನ್ನು ಓದಿ, ಅವುಗಳ ಬೆನ್ನಿಗೆ ನೆಸ್ತೋರಿಯಸ್‌ನ ಬರಹಗಳಿಂದ ಆಯ್ದ ತುಣುಕುಗಳನ್ನೂ ಓದಿದರು. ಎರಡು ಮೂರು ತಿಂಗಳ ಕೂಸನ್ನು ದೇವರೆಂದು ಕರೆಯಲಾರೆ ಎಂದು ನೆಸ್ತೋರಿಯಸ್ ಖಾಸಗಿಯಾಗಿ ಆಡಿದ ಮಾತೂ ಸಾಕ್ಷ್ಯವಾಗಿ ಬಂತು. ಆ ಮಾತಿಗೆ ಅದಲ್ಲ ಅರ್ಥ ಎಂದು ವರ್ಷಗಳ ನಂತರ ಆತ ಬರೆದುಕೊಂಡ. ಒಂದೇ ದಿನದಲ್ಲಿ ಪದಚ್ಯುತಿಯ ತೀರ್ಪಾಗಿ ಸುಮಾರು 200 ಸಹಿಗಳು ಬಿದ್ದವು. ಊರವರು ದೀವಟಿಗೆ ಹಿಡಿದು, ಹೆಂಗಸರು ಧೂಪ ಹಾಕುತ್ತಾ ಬಿಷಪ್ಪರನ್ನು ಬಿಡಾರಕ್ಕೆ ಕರೆದೊಯ್ದರೆಂದು ಸಿರಿಲ್ ಹೆಮ್ಮೆಯಿಂದ ಪತ್ರ ಬರೆದಿದ್ದಾನೆ.

ನಾಲ್ಕು ದಿನಗಳ ಬಳಿಕ ಬಂದ ಯೋಹಾನ ತನ್ನದೇ ಸಭೆ ಸೇರಿಸಿ ಸಿರಿಲ್‌ನನ್ನು ಪದಚ್ಯುತಗೊಳಿಸಿದ! ಆಸ್ಥಾನದವರನ್ನು ಒಲಿಸಿಕೊಳ್ಳಲು ಅಲೆಕ್ಸಾಂಡ್ರಿಯದಿಂದ ಹೋದ ಚಿನ್ನ, ರತ್ನಗಂಬಳಿ, ದಂತದ ಪೀಠಗಳ ಪಟ್ಟಿ ಇವತ್ತಿಗೂ ಉಳಿದಿದೆ. 433ರಲ್ಲಿ ರಾಜಿಯಾಯಿತು. ಅಂತಿಯೋಕ್ಯದವರು ‘ದೇವಮಾತೆ’ ಪದವನ್ನೂ ನೆಸ್ತೋರಿಯಸ್‌ನ ಪದಚ್ಯುತಿಯನ್ನೂ ಒಪ್ಪಿದರು. ಎರಡು ಸ್ವಭಾವಗಳ ಐಕ್ಯ ಎಂಬ ಅವರ ಮಾತನ್ನು ಸಿರಿಲ್ ಒಪ್ಪಿದ. 451ರ ಕಲ್ಕೆದೋನ್ ಸಭೆ ಅದನ್ನೇ ಬೆಳೆಸಿ, ಒಬ್ಬನೇ ವ್ಯಕ್ತಿಯಲ್ಲಿ ಬೆರಕೆಯಾಗದ, ಬೇರ್ಪಡದ ಎರಡು ಸ್ವಭಾವಗಳು ಎಂದು ವಿಧಿಸಿತು. ಅಷ್ಟರಲ್ಲಿ ನೆಸ್ತೋರಿಯಸ್ ಈಜಿಪ್ಟಿನ ಮರುಭೂಮಿಯಲ್ಲಿ ಗಡಿಪಾರಾಗಿದ್ದ. 435ರ ಆಜ್ಞೆಯಂತೆ ಆತನ ಪುಸ್ತಕಗಳು ಸುಟ್ಟುಹೋಗಿದ್ದವು. ಕ್ರಿಸ್ತನ ಎರಡು ಸ್ವಭಾವಗಳ ಬಗ್ಗೆ ಪೋಪ್ ಲಿಯೊ 449ರಲ್ಲಿ ಬರೆದ ಪತ್ರ ಕೈಸೇರಿದಾಗ, ನಾನು ಹೇಳಿದ್ದೂ ಇದನ್ನೇ ಎಂದು ಆತ ಸಂತೋಷಪಟ್ಟ. ಇದು ನಮಗೆ ಗೊತ್ತಾಗಿದ್ದು ‘ಹೆರಾಕ್ಲೈಡಿಸ್‌ನ ಗ್ರಂಥ’ ಎಂಬ ಮರೆಮಾಚಿದ ಹೆಸರಿನಲ್ಲಿ ಆತ ಬರೆದ ಸಮರ್ಥನೆಯ ಸಿರಿಯಾಕ್ ಅನುವಾದ ಪೂರ್ವ ತುರ್ಕಿಯ ಗುಡ್ಡಗಾಡಿನಲ್ಲಿ ಸಿಕ್ಕಿ, 1910ರಲ್ಲಿ ಪಾಲ್ ಬೆಜಾನ್ ಅದನ್ನು ಅಚ್ಚುಹಾಕಿಸಿದ ಮೇಲೆ. ಹದಿನಾಲ್ಕು ಶತಮಾನಗಳ ಕಾಲ ನೆಸ್ತೋರಿಯಸ್‌ನ ವಾದ ಹೆಚ್ಚಾಗಿ ಎದುರಾಳಿಗಳ ಉದ್ಧರಣೆಗಳಲ್ಲೇ ಉಳಿದಿತ್ತು.

ಆತನ ಹೆಸರು ಅಂಟಿಕೊಂಡದ್ದು ಪರ್ಷಿಯಾದ ಪೂರ್ವ ಸಭೆಗೆ. ಆದರೆ ಈ ಸಭೆಯನ್ನು ಸ್ಥಾಪಿಸಿದವನು ಆತನಲ್ಲ. 410ರಲ್ಲಿ ಸೆಲ್ಯೂಕಿಯ-ಟೆಸಿಫಾನ್‌ನಲ್ಲಿ ಅದರ ಆಡಳಿತ ರೂಪುಗೊಂಡಿತ್ತು. 424ರಲ್ಲಿ, ಅಂದರೆ ನೆಸ್ತೋರಿಯಸ್ ಬಿಷಪ್ ಆಗುವ ಮೊದಲೇ, ಪಶ್ಚಿಮದ ಪೀಠಗಳಿಗೆ ತಾನು ಉತ್ತರ ಕೊಡಬೇಕಾಗಿಲ್ಲವೆಂದು ಅದು ಸಾರಿತ್ತು. ಅಲ್ಲಿನವರು ಗುರುವೆಂದು ಕಂಡದ್ದು ಅಂತಿಯೋಕ್ಯ ಪಾಠಶಾಲೆಯ ಹಿರಿಯ, ಮೊಪ್ಸುವೆಸ್ತಿಯದ ಥಿಯೊಡೋರ್‌ನನ್ನು. ನೆಸ್ತೋರಿಯಸ್ ಅವರಿಗೆ ಅನ್ಯಾಯಕ್ಕೊಳಗಾದ ಹಿರಿಯ. ಇತ್ತ ಕಲ್ಕೆದೋನನ್ನು ತಿರಸ್ಕರಿಸಿದ ಈಜಿಪ್ಟ್ ಮತ್ತು ಸಿರಿಯದ ಸಭೆಗಳು ಕಲ್ಕೆದೋನ್ ಸಭೆಯನ್ನೇ ನೆಸ್ತೋರಿಯನ್ ಎಂದು ಬೈದವು. ಬೈಗುಳವಾದ ಮೇಲೆ ಪದಕ್ಕೆ ಸಿದ್ಧಾಂತದ ಹಂಗು ಉಳಿಯಲಿಲ್ಲ.

ಭಾರತಕ್ಕೆ ಈ ಕಥೆ ಬಂದದ್ದು ಸಮುದ್ರದ ದಾರಿಯಲ್ಲಿ. ಮಲಬಾರಿನಲ್ಲಿ ಕ್ರೈಸ್ತರಿದ್ದಾರೆ, ಕಲ್ಯಾಣದಲ್ಲಿ ಪರ್ಷಿಯಾದಿಂದ ನೇಮಕವಾದ ಬಿಷಪ್ ಇದ್ದಾನೆ ಎಂದು ಆರನೆಯ ಶತಮಾನದ ವರ್ತಕ ಕಾಸ್ಮಸ್ ಬರೆದಿದ್ದಾನೆ. ಈ ಕಲ್ಯಾಣ ಮುಂಬಯಿ ಬಳಿಯದೆಂದು ಹಲವರು, ಉಡುಪಿ ಬಳಿಯ ಕಲ್ಯಾಣಪುರವೆಂದು ಕೆಲವರು. ಮಲಬಾರಿನ ತೋಮಾ ಕ್ರೈಸ್ತರಿಗೆ ಬಿಷಪ್ಪರು ಮೆಸೊಪೊಟೇಮಿಯದಿಂದ ಬರುತ್ತಿದ್ದರು, ಪೂಜೆ ಸಿರಿಯಾಕ್ ಭಾಷೆಯಲ್ಲಿ ನಡೆಯುತ್ತಿತ್ತು.

1599ರ ಜೂನ್ 20ರಿಂದ 26ರವರೆಗೆ ಪೋರ್ಚುಗೀಸರ ಕೈಯಲ್ಲಿದ್ದ ಗೋವಾದ ಆರ್ಚ್‌ಬಿಷಪ್ ಅಲೆಯ್ಶು ದೆ ಮೆನೆಝೆಸ್ ಉದಯಂಪೇರೂರಿನಲ್ಲಿ ಸೇರಿಸಿದ ಸಭೆ ತಪ್ಪು ಬೋಧನೆಯನ್ನು ಹುಡುಕಿದ್ದು ಈ ಕ್ರೈಸ್ತರ ಸಿರಿಯಾಕ್ ಪುಸ್ತಕಗಳಲ್ಲಿ. ಸಿರಿಯಾಕ್ ಬಲ್ಲ ಜೆಸ್ವಿಟ್ ಫ್ರಾನ್ಸಿಸ್ ರೋಸ್ ಈ ಪುಸ್ತಕಗಳ ‘ತಪ್ಪು’ಗಳನ್ನು ಮೊದಲೇ ಗುರುತುಹಾಕಿಕೊಂಡಿದ್ದ. ಸಭೆಯ ನಿರ್ಣಯ ಗ್ರಂಥಗಳನ್ನು ಹೆಸರು ಹಿಡಿದು ಪಟ್ಟಿಮಾಡಿತು. ಒಪ್ಪಿಸಿದವನ್ನು ತಿದ್ದಬೇಕು, ಇಲ್ಲವೇ ಸುಡಬೇಕು. ಪೂಜೆಯ ಪಠ್ಯದಿಂದ ನೆಸ್ತೋರಿಯಸ್, ಥಿಯೊಡೋರ್, ಥಿಯೊಡೋರನ ಗುರು ದಿಯೊಡೋರ್ ಇವರ ಹೆಸರುಗಳು ಹೋಗಬೇಕು, ದೇವಮಾತೆ ಎಂಬ ಬಿರುದು ಸೇರಬೇಕು. ಎಫೆಸದಲ್ಲಿ ಕನಿಷ್ಠ ಎರಡು ಪತ್ರಗಳ ವಾದವನ್ನು ಕೇಳಿಸಿಕೊಂಡಿದ್ದರು. ಇಲ್ಲಿ ಪ್ರಾರ್ಥನೆಯಲ್ಲಿ ಒಂದು ಹೆಸರು ಕಂಡರೆ ಅದೇ ಪುರಾವೆ. ಉರಿದ ಹಾಳೆಗಳಲ್ಲಿ ಎಷ್ಟು ದೇವಶಾಸ್ತ್ರವಿತ್ತು, ಎಷ್ಟು ಊರಿನ ಚರಿತ್ರೆಯಿತ್ತು ಎಂದು ಈಗ ಲೆಕ್ಕ ಹಾಕುವಂತಿಲ್ಲ. 1301ರಲ್ಲಿ ಕೊಡುಂಗಲ್ಲೂರಿನಲ್ಲಿ ನಕಲಾದ ಒಂದು ಸಿರಿಯಾಕ್ ಹಸ್ತಪ್ರತಿ ವ್ಯಾಟಿಕನ್ ಸೇರಿ ಬದುಕಿತು.

ಆ ಜನರು ನಿಜಕ್ಕೂ ನೆಸ್ತೋರಿಯಸ್‌ನ ಸಿದ್ಧಾಂತಕ್ಕೆ ಕಟ್ಟುಬಿದ್ದವರೇ? ಮುಂದೆ ನಡೆದದ್ದು ಹಾಗೆ ತೋರಿಸುವುದಿಲ್ಲ. 1653ರ ಜನವರಿಯಲ್ಲಿ ಮಟ್ಟಂಚೇರಿಯಲ್ಲಿ ಪೋರ್ಚುಗೀಸ್ ಹಿಡಿತದ ವಿರುದ್ಧ ಆಣೆಯಿಟ್ಟು ಸಿಡಿದವರಲ್ಲಿ ಒಂದು ದೊಡ್ಡ ಪಾಲು 1665ರಲ್ಲಿ ಮಾರ್ ಗ್ರೆಗೋರಿಯೋಸ್‌ನನ್ನು ಬರಮಾಡಿಕೊಂಡಿತು. ಆತ ಬಂದದ್ದು ನೆಸ್ತೋರಿಯಸ್‌ಗೆ ಶಾಪ ಹಾಕುವ, ಸಿರಿಲ್‌ನನ್ನು ತಲೆಯ ಮೇಲೆ ಹೊತ್ತ ಅಂತಿಯೋಕ್ಯದ ಸಿರಿಯನ್ ಸಭೆಯಿಂದ. ಕ್ರಿಸ್ತಶಾಸ್ತ್ರದ ದೃಷ್ಟಿಯಿಂದ ಇದು ಈ ದಡದಿಂದ ಆ ದಡಕ್ಕೆ ಹಾರಿದಂತೆ. ಅವರಿಗೆ ಬೇಕಿದ್ದದ್ದು ಪೂರ್ವದಿಂದ ಬಂದ ಒಬ್ಬ ಬಿಷಪ್, ತಮ್ಮ ಸಿರಿಯಾಕ್ ಪೂಜಾವಿಧಿ, ತಮ್ಮ ಊರಿನ ಸ್ವಾತಂತ್ರ್ಯ.

1994ರ ನವೆಂಬರ್ 11ರಂದು ಪೋಪ್ ಎರಡನೆಯ ಜಾನ್ ಪಾಲ್ ಮತ್ತು ಅಸ್ಸೀರಿಯನ್ ಪೂರ್ವ ಸಭೆಯ ಪೇತ್ರಿಯಾರ್ಕ್ ನಾಲ್ಕನೆಯ ಮಾರ್ ದಿನ್ಖಾ ಒಂದು ಜಂಟಿ ಘೋಷಣೆಗೆ ಸಹಿ ಹಾಕಿದರು. ಕ್ರಿಸ್ತನ ಬಗ್ಗೆ ಎರಡೂ ಸಭೆಗಳ ವಿಶ್ವಾಸ ಒಂದೇ, ಮರಿಯಳನ್ನು ಒಂದು ಸಭೆ ‘ದೇವಮಾತೆ’ ಎಂದೂ ಇನ್ನೊಂದು ‘ನಮ್ಮ ದೇವರೂ ರಕ್ಷಕನೂ ಆದ ಕ್ರಿಸ್ತನ ಮಾತೆ’ ಎಂದೂ ಕರೆಯುವುದು ಅದೇ ವಿಶ್ವಾಸದ ಸರಿಯಾದ ರೂಪಗಳು ಎಂದು ಇಬ್ಬರೂ ಒಪ್ಪಿದರು. ಅಲ್ಲಿ ಮತ್ತೆ ವಾದದ ಹೂರಣ ನೋಡಿದರು, ಹೆಸರನ್ನಲ್ಲ. ಆದರೂ ಆ ಘೋಷಣೆ ಎಫೆಸದ ತೀರ್ಪನ್ನು ಅಳಿಸಲಿಲ್ಲ. ತ್ರಿಶೂರಿನಲ್ಲಿ ಭಾರತದ ಪೀಠ ಇರುವ ಅಸ್ಸೀರಿಯನ್ ಸಭೆ ನೆಸ್ತೋರಿಯಸ್‌ನನ್ನು ಈಗಲೂ ಸಂತನೆಂದೇ ನೆನೆಯುತ್ತದೆ. ವರ್ಷದಲ್ಲಿ ಐದು ಬಾರಿ ಆತನ ಹೆಸರಿನ ಪ್ರಾರ್ಥನಾಕ್ರಮದಲ್ಲಿ ಬಲಿಪೂಜೆ ಅರ್ಪಿಸುವುದು ಅದರ ರೂಢಿ.